ಹೆಸರಿಗೆ ಅಂಟಿದ ನಾಲ್ಕಕ್ಷರ: ಮುನವ್ವರ್ ಫಾರೂಕಿ ಮತ್ತು ನಮ್ಮ ಪತ್ರಿಕೆಗಳು

ಮುನವ್ವರ್ ಫಾರೂಕಿಯ ಹೆಸರು ಪತ್ರಿಕೆಗಳಲ್ಲಿ ಒಂಟಿಯಾಗಿ ಬರುವುದು ಕಡಿಮೆ. ಅದರ ಜೊತೆ ‘ವಿವಾದಿತ’ ಎಂಬ ನಾಲ್ಕಕ್ಷರ ಹೆಚ್ಚಾಗಿ ಇದ್ದೇ ಇರುತ್ತದೆ. ಬಂಧನವಾದಾಗಲೂ ವಿವಾದಿತ, ಬಿಡುಗಡೆಯಾದಾಗಲೂ ವಿವಾದಿತ, ಕಾರ್ಯಕ್ರಮ ರದ್ದಾದಾಗಲಂತೂ ಕೇಳುವುದೇ ಬೇಡ. ನಮ್ಮ ಹಾಲಾಡಿ, ಬಿದ್ಕಲ್‌ಕಟ್ಟೆ, ಶಂಕರನಾರಾಯಣದ ಕಡೆ ಚಾ ಕುಡಿಯುತ್ತಾ ಕೂತವರಲ್ಲಿ ಈ ಹೆಸರು ಎತ್ತಿ ನೋಡಿ. ‘ಅದೇ, ದೇವ್ರನ್ನ ಬೈದು ಜೈಲಿಗೆ ಹೋದವ ಅಲ್ದಾ?’ ಎಂಬ ಉತ್ತರ ಬರುತ್ತದೆ. ‘ಎಂತ ಬೈದದ್ದು?’ ಎಂದು ಕೇಳಿದರೆ ಹೇಳುವವರು ಸಿಗುವುದಿಲ್ಲ. ಅವನ ಒಂದು ಜೋಕನ್ನಾದರೂ ಪೂರ್ತಿ ಕೇಳಿದವರು ನಮ್ಮವರಲ್ಲೇ ಎಷ್ಟು ಮಂದಿ ಇದ್ದಾರು?

ಇದರಲ್ಲಿ ಊರವರ ತಪ್ಪಿಲ್ಲ. ಅವರಿಗೆ ಆ ಮನುಷ್ಯನನ್ನು ಪರಿಚಯಿಸಿದ್ದು ಪೊಲೀಸ್ ಠಾಣೆಯ ಸುದ್ದಿ. ನಾಟಕಕ್ಕೆ ವಿಮರ್ಶೆ ಇದೆ, ಸಿನಿಮಾಕ್ಕೆ ಇದೆ, ಯಕ್ಷಗಾನಕ್ಕೆ ಪ್ರತ್ಯೇಕ ಪುಟವೇ ಇದೆ. ಒಬ್ಬನೇ ನಿಂತು ಮೈಕ್ ಹಿಡಿದು ಒಂದು ಗಂಟೆ ಜನರನ್ನು ನಗಿಸುವ ಕಲೆಗೆ ನಮ್ಮ ಪತ್ರಿಕೆಗಳಲ್ಲಿ ಪುಟ ಇಲ್ಲ. ಹಾಗಾಗಿ ಹಾಸ್ಯಗಾರ ಸುದ್ದಿಗೆ ಬರಬೇಕಾದರೆ ಯಾರಾದರೂ ಅವನ ಮೇಲೆ ದೂರು ಕೊಡಬೇಕು. ಅವನ ಬಗ್ಗೆ ಬರೆಯುವವರು ಕಲಾ ವಿಮರ್ಶಕರಲ್ಲ, ಅಪರಾಧ ಸುದ್ದಿಯ ವರದಿಗಾರರು. ಈ ಸಣ್ಣ ವ್ಯವಸ್ಥೆಯ ದೋಷ ಎಷ್ಟು ದೊಡ್ಡ ಪರಿಣಾಮಕ್ಕೆ ಹೋಗಿ ಮುಟ್ಟುತ್ತದೆ ಎನ್ನುವುದಕ್ಕೆ ಫಾರೂಕಿಯ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ರಾಜ್ಯದಲ್ಲೇ.

ಹೇಳದ ಜೋಕಿಗೆ ಐದು ವಾರ ಜೈಲು

ಫಾರೂಕಿ ಗುಜರಾತಿನ ಜುನಾಗಢದವನು. ಹದಿಹರೆಯದಲ್ಲಿ ತಾಯಿಯನ್ನು ಕಳಕೊಂಡು ಮುಂಬಯಿಯ ಡೋಂಗ್ರಿಗೆ ಬಂದ. ಪಾತ್ರೆ ಅಂಗಡಿಯಲ್ಲಿ ದುಡಿದ. ಡೋಂಗ್ರಿ ನಮ್ಮ ಕರಾವಳಿಯ ಮುಸ್ಲಿಮರಿಗೆ ಹೊಸ ಹೆಸರಲ್ಲ. ಮುಂಬಯಿಗೆ ದುಡಿಯಲು ಹೋದ ನಮ್ಮ ಹಿರಿಯರು ಆ ಗಲ್ಲಿಗಳನ್ನು ಕಂಡವರೇ. ಅಲ್ಲಿಂದ ಎದ್ದು ಬಂದ ಹುಡುಗ ಬಡತನ, ಗಲಭೆ, ಪೊಲೀಸು, ರಾಜಕಾರಣಿ, ತನ್ನದೇ ಸಮುದಾಯ ಎಲ್ಲವನ್ನೂ ಹಾಸ್ಯಕ್ಕೆ ತಂದ. ಯೂಟ್ಯೂಬಿನಲ್ಲಿ ನೋಡುಗರು ಹೆಚ್ಚಿದರು. 2020ರಲ್ಲಿ ಅವನ ಒಂದು ವಿಡಿಯೊದ ಬಗ್ಗೆ ಆಕ್ಷೇಪ ಬಂತು, ಪ್ರಯಾಗರಾಜ್‌ನಲ್ಲಿ ಪೊಲೀಸ್ ಪ್ರಕರಣವೂ ದಾಖಲಾಯಿತು. ಅಲ್ಲಿಯವರೆಗೆ ದೊಡ್ಡ ಪತ್ರಿಕೆಗಳಿಗೆ ಅವನು ಸುದ್ದಿಯೇ ಅಲ್ಲ.

2021ರ ಜನವರಿ 1ರಂದು ಇಂದೋರಿನ ಮನ್ರೊ ಕೆಫೆಯಲ್ಲಿ ಅವನ ಕಾರ್ಯಕ್ರಮ. ಸ್ಥಳೀಯ ಬಿಜೆಪಿ ಶಾಸಕಿಯ ಮಗ ಬೆಂಬಲಿಗರೊಂದಿಗೆ ಬಂದು ತಡೆದರು. ಹಿಂದೂ ದೇವತೆಗಳನ್ನೂ ಗೃಹಸಚಿವ ಅಮಿತ್ ಶಾ ಅವರನ್ನೂ ಅವಮಾನಿಸಿದ್ದಾನೆ ಎಂಬ ದೂರು ಕೊಟ್ಟರು. ಫಾರೂಕಿಯ ಜೊತೆ ಕಾರ್ಯಕ್ರಮಕ್ಕೆ ಸಂಬಂಧಪಟ್ಟ ಇತರರನ್ನೂ ಬಂಧಿಸಲಾಯಿತು. ಬಂಧಿತರಲ್ಲಿ ಹಿಂದೂ ಹುಡುಗರೂ ಇದ್ದರು, ಕ್ರೈಸ್ತ ಹುಡುಗನೂ ಇದ್ದ. ಕೆಲವೇ ದಿನಗಳಲ್ಲಿ ತುಕೋಗಂಜ್ ಠಾಣೆಯ ಅಧಿಕಾರಿಯೇ ಪತ್ರಿಕೆಯೊಂದಕ್ಕೆ ಹೇಳಿದ ಮಾತು: ಫಾರೂಕಿ ದೇವರನ್ನು ಅವಮಾನಿಸಿದ ವಿಡಿಯೊ ಸಾಕ್ಷ್ಯ ತಮ್ಮ ಬಳಿ ಇಲ್ಲ.

ಸಾಕ್ಷ್ಯ ಇಲ್ಲ ಎಂಬ ಮಾತು ಬಂದ ಮೇಲೂ ಜಾಮೀನು ಸಿಗಲಿಲ್ಲ. ಜನವರಿ 28ರಂದು ಮಧ್ಯಪ್ರದೇಶ ಹೈಕೋರ್ಟಿನ ಇಂದೋರ್ ಪೀಠ ಅರ್ಜಿಯನ್ನು ತಳ್ಳಿಹಾಕಿತು. ಫೆಬ್ರವರಿ 5ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಆರ್.ಎಫ್. ನಾರಿಮನ್ ಮತ್ತು ಬಿ.ಆರ್. ಗವಾಯಿ ಅವರ ಪೀಠ ಮಧ್ಯಂತರ ಜಾಮೀನು ಕೊಟ್ಟಿತು. ಅವರು ಎತ್ತಿದ ಪ್ರಶ್ನೆ ಸರಳ. ಏಳು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆ ಇಲ್ಲದ ಪ್ರಕರಣಗಳಲ್ಲಿ ಪೊಲೀಸರು ಸುಮ್ಮನೆ ಬಂಧಿಸುವಂತಿಲ್ಲ ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿದೆ. ಇಲ್ಲಿ ಅದನ್ನು ಪಾಲಿಸಿದ್ದು ಎಲ್ಲಿ? ಆದೇಶ ಬಂದ ಮರುದಿನ ತಡರಾತ್ರಿ ಅವನು ಜೈಲಿನಿಂದ ಹೊರಬಂದ. ಲೆಕ್ಕ ಹಾಕಿದರೆ ಐದು ವಾರ ಮಿಕ್ಕಿತು.

ಈ ಐದು ವಾರಗಳಲ್ಲಿ ಪತ್ರಿಕೆ, ಟಿವಿಯ ಮಂದಿ ಏನು ಮಾಡಬಹುದಿತ್ತು? ಆ ಸಂಜೆ ಕೆಫೆಯಲ್ಲಿ ಕೂತಿದ್ದ ಪ್ರೇಕ್ಷಕರನ್ನು ಮಾತಾಡಿಸಿ, ಅಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ ಎಂದು ಬರೆಯಬಹುದಿತ್ತು. ಕೆಲವು ಇಂಗ್ಲಿಷ್ ಪತ್ರಿಕೆಗಳೂ ಜಾಲತಾಣಗಳೂ ಆ ಕೆಲಸ ಮಾಡಿದವು. ಅದರಿಂದಲೇ ನಮಗೆ ಇಷ್ಟು ಗೊತ್ತಾದದ್ದು. ಆದರೆ ನಮ್ಮ ಮನೆಗಳಿಗೆ ಬಂದು ಮುಟ್ಟಿದ್ದು ಹೆಚ್ಚಾಗಿ ಮೊದಲ ದಿನದ ವಾಕ್ಯ: ದೇವರನ್ನು ಅವಮಾನಿಸಿದ ಹಾಸ್ಯಗಾರನ ಬಂಧನ. ‘ಅವಮಾನಿಸಿದ ಆರೋಪದ ಮೇಲೆ’ ಎಂದು ಬರೆದರೆ ಶೀರ್ಷಿಕೆ ಉದ್ದವಾಗುತ್ತದೆ. ಆ ಒಂದು ಶಬ್ದ ಬಿಟ್ಟುಬಿಟ್ಟರೆ ಆರೋಪವೇ ತೀರ್ಪಾಗುತ್ತದೆ.

ಬೆಂಗಳೂರಿನ ಆ ಪತ್ರ

2021ರ ನವೆಂಬರ್ 28ಕ್ಕೆ ಬೆಂಗಳೂರಿನ ಗುಡ್ ಶೆಫರ್ಡ್ ಸಭಾಂಗಣದಲ್ಲಿ ಫಾರೂಕಿಯ ‘ಡೋಂಗ್ರಿ ಟು ನೋವೇರ್’ ಕಾರ್ಯಕ್ರಮ ನಿಗದಿಯಾಗಿತ್ತು. ಅವನೇ ಹೇಳಿದ ಪ್ರಕಾರ ಆರುನೂರಕ್ಕೂ ಮಿಕ್ಕಿ ಟಿಕೆಟ್ ಮಾರಾಟವಾಗಿದ್ದವು. ಅಕ್ಟೋಬರ್ 29ರಂದು ಅಗಲಿದ ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆಗೆ ಕಾರ್ಯಕ್ರಮದಿಂದ ನೆರವು ಕೊಡುವುದೆಂದು ಮಾತಾಗಿತ್ತು ಎಂದೂ ಅವನು ತಿಳಿಸಿದ. ಕೆಲವು ಸಂಘಟನೆಗಳು ವಿರೋಧಿಸಿದವು. ಅಶೋಕನಗರ ಠಾಣೆಯಿಂದ ಸಂಘಟಕರಿಗೆ ಪತ್ರ ಹೋಯಿತು. ಕಾರ್ಯಕ್ರಮ ರದ್ದಾಯಿತು.

ಆ ಪತ್ರ ಬಹಿರಂಗವಾದ್ದರಿಂದ ಅದರಲ್ಲಿದ್ದ ಕಾರಣಗಳು ಎಲ್ಲರಿಗೂ ತಿಳಿದವು. ಒಂದು, ಈತ ವಿವಾದಿತ ವ್ಯಕ್ತಿ ಎಂದು ಹೇಳಲಾಗುತ್ತಿದೆ. ಎರಡು, ಹಲವು ರಾಜ್ಯಗಳು ಈತನ ಕಾರ್ಯಕ್ರಮಗಳನ್ನು ನಿಷೇಧಿಸಿವೆ ಎಂದು ತಿಳಿದುಬಂದಿದೆ. ಮೂರು, ಈತನ ಮೇಲೆ ಇಂದೋರಿನಲ್ಲಿ ಪ್ರಕರಣ ಇದೆ. ನಾಲ್ಕು, ಹಲವು ಸಂಘಟನೆಗಳು ವಿರೋಧಿಸುತ್ತಿವೆ, ಶಾಂತಿ ಕದಡಬಹುದು.

ಈ ನಾಲ್ಕನ್ನೂ ಸ್ವಲ್ಪ ನಿಧಾನ ಓದಬೇಕು. ವಿವಾದಿತ ಎಂದು ಹೇಳಿದವರು ಯಾರು? ಪತ್ರಿಕೆಗಳು, ಟಿವಿಗಳು. ಅವು ಹಾಗೆ ಹೇಳಿದ್ದು ಯಾಕೆ? ಇಂದೋರಿನ ಪೊಲೀಸರು ಬಂಧಿಸಿದ್ದಕ್ಕೆ. ನಿಷೇಧ ಮಾಡಿದ್ದು ಯಾರು? ಅದಕ್ಕೆ ಹಿಂದಿನ ಎರಡು ತಿಂಗಳಲ್ಲಿ ರಾಯಪುರ, ಗುಜರಾತ್, ಮುಂಬಯಿ ಮುಂತಾದ ಕಡೆ ಅವನ ಕಾರ್ಯಕ್ರಮಗಳು ರದ್ದಾಗಿದ್ದವು. ಬೆಂಗಳೂರಿನದ್ದೂ ಸೇರಿ ಹನ್ನೆರಡು ಎಂದು ಅವನೇ ಲೆಕ್ಕ ಕೊಟ್ಟ. ಸಭಾಂಗಣದವರಿಗೆ ಬೆದರಿಕೆ ಬಂದು ಕಾರ್ಯಕ್ರಮ ರದ್ದಾಗುವುದು ಬೇರೆ, ಸರಕಾರ ಆದೇಶ ಹೊರಡಿಸಿ ನಿಷೇಧಿಸುವುದು ಬೇರೆ. ಸುದ್ದಿಯಲ್ಲಿ ಇವೆರಡೂ ಕಲಸಿಹೋದವು, ಹಾಗೆ ಕಲಸಿದ್ದು ಠಾಣೆಯ ಪತ್ರಕ್ಕೂ ಇಳಿಯಿತು. ಪೊಲೀಸರ ಬಂಧನದಿಂದ ಪತ್ರಿಕೆಗೆ ಒಂದು ವಿಶೇಷಣ ಸಿಕ್ಕಿತು. ಪತ್ರಿಕೆಯ ವಿಶೇಷಣದಿಂದ ಪೊಲೀಸರಿಗೆ ಒಂದು ಕಾರಣ ಸಿಕ್ಕಿತು. ಮರುದಿನ ಅದೇ ಕಾರಣ ಹೊಸ ಸುದ್ದಿಯಾಗಿ ಬಂತು. ಗಾಣದ ಎತ್ತಿನ ಹಾಗೆ ಸುತ್ತಿದಲ್ಲೇ ಸುತ್ತು. ಈ ಸುತ್ತಿನಲ್ಲಿ ಎಲ್ಲಿಯೂ ಆ ದಿನ ಹೇಳಬೇಕೆಂದಿದ್ದ ಜೋಕುಗಳ ಬಗ್ಗೆ ಒಂದು ಸಾಲು ಇಲ್ಲ.

ದ್ವೇಷ ಗೆದ್ದಿತು, ಕಲಾವಿದ ಸೋತ, ಸಾಕಾಯಿತು ಎಂಬ ಅರ್ಥದ ಮಾತನ್ನು ಆ ದಿನ ಅವನು ಬರೆದುಕೊಂಡ. ಆ ವಾಕ್ಯ ದೇಶಕ್ಕೆಲ್ಲ ಹೋಯಿತು. ಆಮೇಲೆ ಎರಡೇ ತಿಂಗಳು. ನಮ್ಮ ಕುಂದಾಪುರದ ಕಾಲೇಜಿನ ಗೇಟು ಹುಡುಗಿಯರ ಮುಂದೆ ಮುಚ್ಚಿದ ಚಿತ್ರ ದೇಶಕ್ಕೆಲ್ಲ ಹೋಯಿತು. ಎರಡೂ ಬೇರೆ ಬೇರೆ ವಿಷಯ. ಆದರೆ ಆ ದಿನಗಳಲ್ಲಿ ಶಾಂತಿ ಮತ್ತು ಸುವ್ಯವಸ್ಥೆ ಎಂಬ ಶಬ್ದಗಳು ಎಷ್ಟು ಸಲೀಸಾಗಿ ಬಳಕೆಯಾದವು ಎನ್ನುವುದು ಇಲ್ಲಿಯವರಿಗೆ ಮರೆತಿಲ್ಲ. ಗಲಾಟೆ ಮಾಡುತ್ತೇವೆ ಎಂದವರು ಹೊರಗೆ; ಮನೆಗೆ ಹೋಗು ಎಂದು ಹೇಳಿಸಿಕೊಂಡವರು ಮಾತ್ರ ಬೇರೆಯವರು.

ಒಬ್ಬನ ಕತೆಯಲ್ಲ

ಇದನ್ನು ಬರೇ ಮುಸ್ಲಿಂ ಹುಡುಗನ ಕತೆ ಎಂದು ನೋಡಿದರೆ ಅರ್ಧ ಸತ್ಯ ಮಾತ್ರ ಸಿಗುತ್ತದೆ. ಫಾರೂಕಿಯ ಕಾರ್ಯಕ್ರಮ ರದ್ದಾದ ಮೂರೇ ದಿನಕ್ಕೆ ಕುನಾಲ್ ಕಾಮ್ರಾ ಅವರ ಬೆಂಗಳೂರಿನ ಕಾರ್ಯಕ್ರಮಗಳೂ ರದ್ದಾದವು. ಹೆಚ್ಚು ಜನ ಹಿಡಿಯುವ ಜಾಗದಲ್ಲಿ 45 ಮಂದಿಯನ್ನು ಕೂರಿಸಲು ವಿಶೇಷ ಅನುಮತಿ ಸಿಗಲಿಲ್ಲ, ಜಾಗದವರಿಗೆ ಬೆದರಿಕೆಯೂ ಬಂತು ಎಂದು ಅವರೇ ವ್ಯಂಗ್ಯವಾಗಿ ತಿಳಿಸಿದರು. 2022ರ ನವೆಂಬರ್ 10ಕ್ಕೆ ಮಲ್ಲೇಶ್ವರದ ಚೌಡಯ್ಯ ಸ್ಮಾರಕ ಭವನದಲ್ಲಿ ವೀರ್ ದಾಸ್ ಅವರ ಕಾರ್ಯಕ್ರಮವಿತ್ತು. ಹಿಂದೂ ಜನಜಾಗೃತಿ ಸಮಿತಿ ದೂರು ಕೊಟ್ಟ ಮೇಲೆ ಅದೂ ನಿಂತಿತು. ಒಂದು ವರ್ಷ ಕಳೆದು ಅದೇ ವೀರ್ ದಾಸ್‌ಗೆ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಬಂದಾಗ ಅವರು ದೇಶದ ಹೆಮ್ಮೆಯಾದರು. ಮನುಷ್ಯ ಅವನೇ, ಕಸುಬು ಅದೇ, ವಿಶೇಷಣ ಮಾತ್ರ ಬದಲು.

ಪಕ್ಷದ ಲೆಕ್ಕವೂ ಇಲ್ಲಿ ನೇರವಾಗಿಲ್ಲ. ಬೆಂಗಳೂರಿನ ಮೂರೂ ಘಟನೆ ನಡೆದದ್ದು ಬಿಜೆಪಿ ಸರಕಾರ ಇದ್ದಾಗ. ಆದರೆ ಪಶ್ಚಿಮ ಬಂಗಾಳದಲ್ಲಿ ‘ಭೊಬಿಷ್ಯೊತೆರ್ ಭೂತ್’ ಎಂಬ ರಾಜಕೀಯ ವಿಡಂಬನೆಯ ಸಿನಿಮಾ 2019ರಲ್ಲಿ ಬಿಡುಗಡೆಯಾದ ಕೂಡಲೇ ಟಾಕೀಸುಗಳಿಂದ ಮಾಯವಾದದ್ದು ತೃಣಮೂಲದ ಆಡಳಿತದಲ್ಲಿ. ಅಲ್ಲಿಯೂ ಪೊಲೀಸರ ಒಂದು ಪತ್ರವೇ ಮೊದಲಿಗೆ ಬಂದದ್ದು. ಸುಪ್ರೀಂ ಕೋರ್ಟ್ ಆ ವರ್ಷದ ಏಪ್ರಿಲ್‌ನಲ್ಲಿ ರಾಜ್ಯ ಸರಕಾರಕ್ಕೆ 20 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಇನ್ನೊಂದು ಕಡೆ, 2022ರ ಆಗಸ್ಟ್ 20ರಂದು ಹೈದರಾಬಾದಿನ ಶಿಲ್ಪಕಲಾ ವೇದಿಕೆಯಲ್ಲಿ ಫಾರೂಕಿಯ ಕಾರ್ಯಕ್ರಮ ನಡೆದೇ ನಡೆಯಿತು. ಸ್ಥಳೀಯ ಬಿಜೆಪಿ ಶಾಸಕರೊಬ್ಬರು ತಡೆಯುತ್ತೇವೆ ಎಂದು ಬಹಿರಂಗವಾಗಿ ಹೇಳಿದ್ದರೂ ಪೊಲೀಸರು ದೊಡ್ಡ ಬಂದೋಬಸ್ತು ಹಾಕಿದರು. ಮನಸ್ಸು ಮಾಡಿದರೆ ಆಗುತ್ತದೆ ಎನ್ನುವುದಕ್ಕೆ ಅದೊಂದು ಸಾಕ್ಷಿ. ಅದೇ ತಿಂಗಳು ದಿಲ್ಲಿಯಲ್ಲಿ ಪೊಲೀಸರು ಅನುಮತಿ ನಿರಾಕರಿಸಿದರು.

ಕಾಮ್ರಾ ಅವರ ಪ್ರಕರಣ ಇನ್ನೂ ಹೊಸದು. ಮಹಾರಾಷ್ಟ್ರದ ಉಪಮುಖ್ಯಮಂತ್ರಿ ಏಕನಾಥ ಶಿಂಧೆ ಅವರ ಹೆಸರು ಹೇಳದೆ ಒಂದು ಅಣಕು ಹಾಡು ಹೇಳಿದ ವಿಡಿಯೊ ಬಂದ ಕೂಡಲೇ, 2025ರ ಮಾರ್ಚ್ 23ರ ರಾತ್ರಿ ಮುಂಬಯಿಯ ಖಾರ್‌ನಲ್ಲಿರುವ ಹ್ಯಾಬಿಟಾಟ್ ಎಂಬ ಜಾಗವನ್ನು ಶಿವಸೇನೆಯ ಕಾರ್ಯಕರ್ತರು ಪುಡಿ ಮಾಡಿದರು. ಮರುದಿನ ಪಾಲಿಕೆಯವರು ಕೂಡಾ ಸುತ್ತಿಗೆ ಹಿಡಿದು ಅದೇ ಕಟ್ಟಡಕ್ಕೆ ಬಂದರು. ಬಂಧಿತ ಕಾರ್ಯಕರ್ತರಿಗೆ ಅದೇ ದಿನ ಜಾಮೀನು ಆಯಿತು. ತಮಿಳುನಾಡಿನ ವಿಲ್ಲುಪುರಂ ಜಿಲ್ಲೆಯಲ್ಲಿ ವಾಸ ಇರುವ ಕಾಮ್ರಾ ಮದ್ರಾಸ್ ಹೈಕೋರ್ಟಿಗೆ ಹೋದರು; ಮಾರ್ಚ್ 28ಕ್ಕೆ ಮಧ್ಯಂತರ ನಿರೀಕ್ಷಣಾ ಜಾಮೀನು ಸಿಕ್ಕಿತು. ಕ್ಷಮೆ ಕೇಳುವುದಿಲ್ಲ ಎಂದರು, ಕೇಳಲಿಲ್ಲ. ಸರಕಾರದ ಕುರಿತ ಸುದ್ದಿಯಲ್ಲಿ ಸುಳ್ಳು ಯಾವುದು ಎಂದು ಸರಕಾರವೇ ತೀರ್ಮಾನಿಸುವ ಕೇಂದ್ರದ ಸತ್ಯಶೋಧನಾ ಘಟಕದ ನಿಯಮವನ್ನು ಬಾಂಬೆ ಹೈಕೋರ್ಟಿನಲ್ಲಿ ಪ್ರಶ್ನಿಸಿದವರಲ್ಲೂ ಇವರೇ ಮೊದಲಿಗರು. 2024ರ ಸೆಪ್ಟೆಂಬರ್‌ನಲ್ಲಿ ಆ ನಿಯಮ ರದ್ದಾಯಿತು. ಅದರ ಲಾಭ ಎಲ್ಲ ಪತ್ರಿಕೆಗಳಿಗೂ ಇದೆ, ಹಾಸ್ಯಗಾರರ ಬಗ್ಗೆ ಹಗುರವಾಗಿ ಬರೆಯುವ ಪತ್ರಿಕೆಗಳಿಗೂ ಸೇರಿ.

ಹಾಗಾದರೆ ಇಬ್ಬರ ಪಾಡೂ ಒಂದೇಯಾ? ಅಲ್ಲ. ಕಾಮ್ರಾ ಹೇಳಿದ ಮಾತಿಗೆ ಪ್ರಕರಣ ಎದುರಿಸಿದರು, ಬಂಧನಕ್ಕೆ ಮೊದಲೇ ರಕ್ಷಣೆ ಪಡೆದರು. ಫಾರೂಕಿ ಹೇಳದ ಮಾತಿಗೆ ಜೈಲಿಗೆ ಹೋಗಿ, ಹೊರಬಂದ ಮೇಲೂ ಹನ್ನೆರಡು ವೇದಿಕೆ ಕಳಕೊಂಡ. ಕಾಮ್ರಾರ ಸುದ್ದಿ ಓದಿದವರಿಗೆ ಆ ಅಣಕು ಹಾಡಿನ ವಿಷಯ ಏನೆಂದು ಗೊತ್ತು. ಫಾರೂಕಿಯ ಸುದ್ದಿ ಓದಿದವರಿಗೆ ಹೆಸರು ಮಾತ್ರ ಗೊತ್ತು. ಹೆಸರೇ ಸಾಕಾಯಿತು ಎನ್ನುವುದು ನಮಗೆ ನೋಯುವ ವಿಚಾರ, ಅದನ್ನು ಮುಚ್ಚಿಡಬೇಕಾಗಿಲ್ಲ.

ವಿವಾದದಿಂದ ಬಿಗ್ ಬಾಸ್‌ಗೆ

ಆಮೇಲಿನ ಕತೆ ಎಲ್ಲರಿಗೂ ಗೊತ್ತು. 2022ರ ಮೇ ತಿಂಗಳಲ್ಲಿ ಕಂಗನಾ ರನೌತ್ ನಡೆಸಿಕೊಟ್ಟ ‘ಲಾಕ್ ಅಪ್’ ಎಂಬ ರಿಯಾಲಿಟಿ ಶೋ ಗೆದ್ದ. 2024ರ ಜನವರಿ 28ರಂದು, ತನ್ನ ಹುಟ್ಟಿದ ದಿನವೇ, ಹಿಂದಿ ಬಿಗ್ ಬಾಸ್‌ನ ಹದಿನೇಳನೇ ಆವೃತ್ತಿ ಗೆದ್ದ. 2025ರಲ್ಲಿ ‘ಫಸ್ಟ್ ಕಾಪಿ’ ಎಂಬ ವೆಬ್ ಸರಣಿಯ ನಾಯಕನಾದ. ಡೋಂಗ್ರಿಯ ರಸ್ತೆಗಳಲ್ಲಿ ಜನಸಾಗರ ಸೇರಿತು. ಹಿಂದೆ ಅಪರಾಧ ಪುಟದಲ್ಲಿದ್ದವನು ಸಿನಿಮಾ ಪುಟಕ್ಕೆ ಬಂದ. ಯಾರನ್ನು ಪ್ರೀತಿಸಿದ, ಯಾರನ್ನು ಬಿಟ್ಟ, ಯಾರನ್ನು ಮದುವೆಯಾದ ಎಂದು ಪುಟಗಟ್ಟಲೆ ಬಂತು.

ನಮ್ಮ ಕೆಲವು ಯುವಕರಿಗೆ ಇದು ಗೆಲುವಿನ ಹಾಗೆ ಕಂಡಿದೆ. ‘ನೋಡಿ, ಜೈಲಿಗೆ ಹಾಕಿದ್ರು, ಈಗ ಅವರೇ ಓಟು ಹಾಕಿ ಗೆಲ್ಲಿಸಿದ್ರು’ ಎನ್ನುತ್ತಾರೆ. ಖುಷಿ ಪಡಲಿ, ಬೇಡ ಎನ್ನುವುದಿಲ್ಲ. ಆದರೆ ಒಂದು ಲೆಕ್ಕ ಮರೆಯಬಾರದು. ಅವನಿಗೆ ಹೆಸರು ತಂದದ್ದು ರಾಜಕೀಯ ಹಾಸ್ಯ. ಟಿವಿ ಅವನಿಗೆ ಜಾಗ ಕೊಟ್ಟದ್ದು ಆ ಹಾಸ್ಯವನ್ನು ಬದಿಗಿಟ್ಟು. ಜೈಲಿಗೆ ಹೋದ ಕಾಲದಲ್ಲೂ ಅವನ ಜೋಕು ಯಾರೂ ಬರೆಯಲಿಲ್ಲ, ಕಿರೀಟ ತೊಟ್ಟ ಕಾಲದಲ್ಲೂ ಬರೆಯಲಿಲ್ಲ. ಮೊದಲು ಭಯದ ವಸ್ತು, ಆಮೇಲೆ ಗಾಸಿಪ್ಪಿನ ವಸ್ತು. ನಡುವೆ ಅವನ ಕಸುಬು ಎಲ್ಲೋ ಹೋಯಿತು.

ಅವನೂ ಜೋಪಾನವಾಗಿ ಇದ್ದಾನೆ ಎನ್ನಲಾಗದು. 2024ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಕೊಂಕಣದ ಜನರ ಬಗ್ಗೆ ಒಂದು ಕಾರ್ಯಕ್ರಮದಲ್ಲಿ ಕೆಟ್ಟ ಶಬ್ದ ಬಳಸಿದ ತುಣುಕು ಹರಿದಾಡಿತು. ಅಲ್ಲಿಯ ಜನ ಸಿಟ್ಟಾದರು, ರಾಜಕೀಯದವರು ಎಚ್ಚರಿಕೆ ಕೊಟ್ಟರು. ಅವನು ವಿಡಿಯೊ ಮಾಡಿ ಕ್ಷಮೆ ಕೇಳಿದ. ಕೊಂಕಣದ ಮುಸ್ಲಿಮರೂ ಆ ಜನರಲ್ಲಿ ಸೇರಿದವರೇ. ತಪ್ಪು ಮಾತು ಬಂದಾಗ ಜನ ಪ್ರತಿಭಟಿಸುವುದು, ಆಡಿದವನು ಕ್ಷಮೆ ಕೇಳುವುದು, ಅಲ್ಲಿಗೆ ವಿಷಯ ಮುಗಿಯುವುದು: ಬೆದರಿಕೆಯ ಭಾಗ ಬಿಟ್ಟರೆ ಇದು ಸರಿಯಾದ ದಾರಿ. ಇದಕ್ಕೆ ಜೈಲೂ ಬೇಕಿಲ್ಲ, ಠಾಣೆಯ ಪತ್ರವೂ ಬೇಕಿಲ್ಲ.

ನಮ್ಮ ಹಾಸ್ಯಗಾರ, ನಮ್ಮ ವ್ಯಂಗ್ಯಚಿತ್ರಕಾರ

ಈ ಕಲೆ ನಮಗೆ ಪರದೇಶದ್ದು ಎಂದು ಕೆಲವರು ಹೇಳುವುದುಂಟು. ಸ್ಟ್ಯಾಂಡ್ ಅಪ್ ಎಂಬ ಹೆಸರು ಪರದೇಶದ್ದು ನಿಜ. ಆದರೆ ಅಧಿಕಾರದಲ್ಲಿ ಇದ್ದವರನ್ನು ವೇದಿಕೆಯಲ್ಲಿ ನಿಂತು ಗೇಲಿ ಮಾಡುವುದನ್ನು ಕರಾವಳಿಗೆ ಯಾರೂ ಹೊರಗಿಂದ ಕಲಿಸಬೇಕಾಗಿಲ್ಲ. ಯಕ್ಷಗಾನದ ಹಾಸ್ಯಗಾರ ರಾಜನ ದೂತನಾಗಿ ಬಂದು ರಾಜನನ್ನೇ ಕಿಚಾಯಿಸುತ್ತಾನೆ. ಪುರಾಣದ ಕತೆಯ ನಡುವೆ ಕರೆಂಟು ಹೋದದ್ದು, ರಸ್ತೆಯ ಹೊಂಡ, ಓಟಿಗೆ ಬಂದವರು ಎಲ್ಲ ಬರುತ್ತವೆ. ಹಳ್ಳಾಡಿ ಜಯರಾಮ ಶೆಟ್ಟರ ಹಾಸ್ಯ ಗೊತ್ತಿಲ್ಲದವರು ಈ ತಾಲೂಕುಗಳಲ್ಲಿ ಕಡಿಮೆ. (ಹೊರಗಿನವರು ಆ ಹಳ್ಳಾಡಿಯನ್ನೂ ನಮ್ಮ ಹಾಲಾಡಿಯನ್ನೂ ಒಂದೇ ಮಾಡಿ ಬಿಡುತ್ತಾರೆ, ಅದು ಬೇರೆ ವಿಷಯ.) ಮನು ಹಂದಾಡಿಯವರು ಕುಂದಾಪ್ರ ಕನ್ನಡದಲ್ಲೇ ಮಾತಾಡಿ ಸಭೆ ತುಂಬಿಸುತ್ತಾರೆ. ಘಟ್ಟದ ಮೇಲೆ ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಂಥ ನಾಟಕಗಳಲ್ಲಿ ಬೆಳಗಿನ ಪೇಪರಿನ ಸುದ್ದಿಯನ್ನು ಸಂಜೆ ವೇದಿಕೆಗೆ ತರುತ್ತಿದ್ದರು. ಮಂತ್ರಿಗಳು ಮುಂದಿನ ಸಾಲಲ್ಲಿ ಕೂತು ತಮ್ಮ ಮೇಲಿನ ಜೋಕಿಗೆ ತಾವೇ ನಗಬೇಕಾಗುತ್ತಿತ್ತು. 2019ರ ಮೇ 2ರಂದು ಅವರು ತೀರಿಕೊಂಡಾಗ ಎಲ್ಲ ಪಕ್ಷದವರೂ ಶ್ರದ್ಧಾಂಜಲಿ ಹೇಳಿದರು.

ಈ ಹಾಸ್ಯಗಾರರಿಗೆ ಇರುವ ಅನುಕೂಲ ಒಂದಿದೆ. ಅವರನ್ನು ಜನ ಇಡಿಯಾಗಿ ನೋಡುತ್ತಾರೆ. ಇಡೀ ರಾತ್ರಿ ಆಟ ನೋಡಿದವನಿಗೆ ಯಾವ ಮಾತು ಯಾವ ಸಂದರ್ಭಕ್ಕೆ ಬಂತು ಎಂದು ಗೊತ್ತಿರುತ್ತದೆ. ಅವನು ಬೆಳಿಗ್ಗೆ ಮನೆಗೆ ಹೋಗಿ ಹೇಳುವುದೂ ಇಡೀ ಆಟದ ಕತೆಯನ್ನು. ಮೊಬೈಲಿನ ಇಪ್ಪತ್ತು ಸೆಕೆಂಡಿನ ತುಣುಕಿನಲ್ಲಿ ಆ ಹಿಂದೆಮುಂದೆ ಇರುವುದಿಲ್ಲ. ಈಗ ಯಕ್ಷಗಾನದ ಹಾಸ್ಯದ ತುಣುಕುಗಳೂ ಹಾಗೆಯೇ ಹರಿದಾಡುತ್ತಿವೆ. ಇವತ್ತು ಫಾರೂಕಿಗೆ ಬಂದದ್ದು ನಾಳೆ ಬಡಗುತಿಟ್ಟಿನ ಹಾಸ್ಯಗಾರನಿಗೆ ಬರುವುದಿಲ್ಲ ಎಂದು ಯಾರು ಹೇಳಬಲ್ಲರು?

ಪತ್ರಿಕೆಗಳೇ ಕತ್ತರಿ ಹಿಡಿದ ಉದಾಹರಣೆಯೂ ನಮ್ಮಲ್ಲೇ ಇದೆ. ಕುಂದಾಪುರದಲ್ಲಿ ಕೂತು ದೇಶವಿದೇಶಗಳಿಗೆ ರಾಜಕೀಯ ವ್ಯಂಗ್ಯಚಿತ್ರ ಬರೆಯುವ ಸತೀಶ್ ಆಚಾರ್ಯ ಅವರು ‘ಮೇಲ್ ಟುಡೇ’ ಎಂಬ ಇಂಗ್ಲಿಷ್ ಪತ್ರಿಕೆಗೆ ಬರೆಯುತ್ತಿದ್ದರು. ನೆರೆಯ ದೇಶಗಳಲ್ಲಿ ಚೀನಾದ ಪ್ರಭಾವ ಹೆಚ್ಚುತ್ತಿರುವ ಕುರಿತು 2018ರಲ್ಲಿ ಅವರು ಬರೆದ ಚಿತ್ರವನ್ನು ಸಂಪಾದಕರು ಒಪ್ಪಲಿಲ್ಲ. ಬದಲಾಯಿಸಲು ಇವರೂ ಒಪ್ಪಲಿಲ್ಲ. ಅಲ್ಲಿಗೆ ಅವರ ಚಿತ್ರ ಆ ಪತ್ರಿಕೆಯಲ್ಲಿ ನಿಂತಿತು. ಇಲ್ಲಿ ಗುಂಪೂ ಬರಲಿಲ್ಲ, ಪೊಲೀಸರೂ ಬರಲಿಲ್ಲ. ಇಂಥದ್ದು ಸುದ್ದಿಯಾಗುವುದೂ ಅಪರೂಪ. ಹಾಗಾಗಿ ಹಾಸ್ಯಗಾರರ ಸ್ವಾತಂತ್ರ್ಯ ಎಂದರೆ ಬರೇ ಬೀದಿಯ ಗುಂಪಿನಿಂದ ಬಿಡುಗಡೆ ಎಂದು ತಿಳಿಯಬಾರದು.

ನಮ್ಮ ಮೇಲೆ ಜೋಕು ಬಂದಾಗ

ಈಗ ಕಷ್ಟದ ಮಾತಿಗೆ ಬರೋಣ. ಫಾರೂಕಿಗೆ ಸ್ವಾತಂತ್ರ್ಯ ಬೇಕು ಎನ್ನುವ ನಾವು, ನಮ್ಮನ್ನು ನೋಡಿ ನಗುವವರಿಗೆ ಅದೇ ಸ್ವಾತಂತ್ರ್ಯ ಕೊಡಲು ತಯಾರಿದ್ದೇವಾ?

ಕರಾವಳಿಯ ವೇದಿಕೆಯಲ್ಲಿ ಬ್ಯಾರಿ ಪಾತ್ರ ಹೊಸದಲ್ಲ. ಬಪ್ಪನಾಡು ಕ್ಷೇತ್ರ ಮಹಾತ್ಮೆಯ ಪ್ರಸಂಗದಲ್ಲಿ ಬಪ್ಪ ಬ್ಯಾರಿ ಬರುತ್ತಾರೆ. ಮೂಲ ಐತಿಹ್ಯದಲ್ಲಿ ಅವರು ದೇವಸ್ಥಾನ ಕಟ್ಟಿಸಿದ ಗೌರವದ ವರ್ತಕ. ವೇದಿಕೆಯಲ್ಲಿ ಕೆಲವೊಮ್ಮೆ ಆ ಗೌರವ ಉಳಿಯುತ್ತದೆ, ಕೆಲವೊಮ್ಮೆ ಭಾಷೆಯ ಎಳೆತ ಮತ್ತು ಲುಂಗಿ ಟೊಪ್ಪಿಯೇ ಹಾಸ್ಯವಾಗಿ ಬಿಡುತ್ತದೆ. ತುಳು ನಾಟಕಗಳಲ್ಲಿ ಬ್ಯಾರಿಯ ಮಾತಿನ ಧಾಟಿಗೆ ಚಪ್ಪಾಳೆ ಖಚಿತ. ನಮ್ಮವರೂ ಕೂತು ನಗುತ್ತಾರೆ. ಮಾತಿನ ಸೊಗಸಿಗೆ ನಗುವುದು ಒಂದು. ಬ್ಯಾರಿ ಎಂದರೆ ಮೋಸಗಾರ ಎಂದು ತೋರಿಸಿ ನಗಿಸುವುದು ಇನ್ನೊಂದು. ಎರಡನೆಯದು ಬಂದಾಗ ನಾವು ಏನು ಮಾಡಬೇಕು? ಠಾಣೆಗೆ ಹೋಗಬೇಕಾ?

ನಮ್ಮ ಉತ್ತರ: ಬೇಡ. ಬರೆಯೋಣ, ಕಲಾವಿದರ ಜೊತೆ ಮಾತಾಡೋಣ, ಸಂಘಟಕರಿಗೆ ಹೇಳೋಣ, ಬೇಕಾದರೆ ನಮ್ಮ ಹುಡುಗರೇ ವೇದಿಕೆ ಹತ್ತಿ ಎದುರು ಜೋಕು ಹೇಳಲಿ. ಹಿಂಸೆಗೆ ಕರೆ ಕೊಟ್ಟರೆ, ಬಹಿಷ್ಕಾರಕ್ಕೆ ಕರೆ ಕೊಟ್ಟರೆ ಅದು ಜೋಕಲ್ಲ, ಅದಕ್ಕೆ ಕಾನೂನು ಇದೆ. ಉಳಿದದ್ದಕ್ಕೆ ಮಾತೇ ಮದ್ದು. ನಮಗೆ ನೋವಾದಾಗ ಬಿಎನ್‌ಎಸ್ 299 ಬೇಕು, ಅವರಿಗೆ ನೋವಾದಾಗ ಸಂವಿಧಾನ ಬೇಕು ಎಂದರೆ ನಮ್ಮ ಮಾತಿಗೆ ತೂಕ ಇರುವುದಿಲ್ಲ.

ಜೋಕು ಯಾರ ಕಡೆ ತಿರುಗಿದೆ ಎನ್ನುವುದೂ ಮುಖ್ಯ. ಕೈಲಾಗದವರನ್ನು ಗೇಲಿ ಮಾಡುವುದಕ್ಕೂ ಅಧಿಕಾರಸ್ಥರನ್ನು ಗೇಲಿ ಮಾಡುವುದಕ್ಕೂ ಅಂತರ ಇದೆ. ಅಂಗವಿಕಲರ ಬಗ್ಗೆ ಜೋಕು ಮಾಡಿದ ಸಮಯ್ ರೈನಾ ಮತ್ತಿತರ ಹಾಸ್ಯಗಾರರಿಗೆ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಹಿರಂಗವಾಗಿ ಕ್ಷಮೆ ಕೇಳಲು ಹೇಳಿತು. ಕೋರ್ಟು ಇದರಲ್ಲಿ ಎಷ್ಟು ಕೈ ಹಾಕಬೇಕು ಎಂಬ ಚರ್ಚೆ ಇರಲಿ. ಆ ಜೋಕುಗಳಿಗೂ ಮಂತ್ರಿಯ ಪಕ್ಷಾಂತರದ ಜೋಕಿಗೂ ಒಂದೇ ‘ವಿವಾದ’ ಎಂಬ ಹಣೆಪಟ್ಟಿ ಹಚ್ಚುವ ಪತ್ರಿಕೆ ಓದುಗನಿಗೆ ಉಪಕಾರ ಮಾಡುತ್ತಿಲ್ಲ.

ಕಾನೂನು ನಮ್ಮ ಕಡೆ ಇದೆ, ಭಯವೂ ಇದೆ

ಗುಂಪಿನ ಬೆದರಿಕೆ ಇದೆ ಎಂದು ಅಭಿವ್ಯಕ್ತಿಯನ್ನು ತಡೆಯುವುದು ಬೆದರಿಕೆಗೆ ಶರಣಾದ ಹಾಗೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಇವತ್ತಲ್ಲ, 1989ರಲ್ಲಿ, ಎಸ್. ರಂಗರಾಜನ್ ಪ್ರಕರಣದಲ್ಲಿ. ರಕ್ಷಣೆ ಕೊಡುವುದು ಸರಕಾರದ ಕೆಲಸ, ಆಗಲಿಲ್ಲ ಎಂದು ಕೈ ಚೆಲ್ಲುವಂತಿಲ್ಲ. ಬೆಂಗಳೂರಿನ ಆ ಪತ್ರ ಬರೆಯುವಾಗ ಈ ತೀರ್ಪಿಗೆ ಮೂವತ್ತೆರಡು ವರ್ಷವಾಗಿತ್ತು. 2025ರ ಮಾರ್ಚ್ 28ರಂದು, ಕಾಮ್ರಾಗೆ ಮದ್ರಾಸಿನಲ್ಲಿ ಜಾಮೀನು ಸಿಕ್ಕಿದ ದಿನವೇ, ಸಂಸದ ಇಮ್ರಾನ್ ಪ್ರತಾಪ್‌ಗಢಿ ಅವರ ಮೇಲೆ ಒಂದು ಕವಿತೆಗಾಗಿ ಗುಜರಾತಿನಲ್ಲಿ ಹಾಕಿದ್ದ ಎಫ್‌ಐಆರನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆ ತೀರ್ಪಿನಲ್ಲಿ ಸ್ಟ್ಯಾಂಡ್ ಅಪ್ ಕಾಮಿಡಿಯ ಹೆಸರೂ ಇದೆ. ಗಣರಾಜ್ಯಕ್ಕೆ 75 ವರ್ಷವಾದ ಮೇಲೆ ಒಂದು ಕವಿತೆಗೋ ಹಾಸ್ಯಕ್ಕೋ ಸಮುದಾಯಗಳ ನಡುವೆ ದ್ವೇಷ ಹುಟ್ಟುತ್ತದೆ ಎನ್ನುವಷ್ಟು ನಾವು ಅಲುಗಾಡಬಾರದು ಎಂಬುದು ಅದರ ತಾತ್ಪರ್ಯ. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನವರ ಅಳತೆಯಿಂದ ನೋಡಬೇಕು, ಸದಾ ಅಭದ್ರತೆಯಲ್ಲಿ ಇರುವವರ ಅಳತೆಯಿಂದ ಅಲ್ಲ ಎಂದೂ ಹೇಳಿತು.

ತೀರ್ಪು ಇದ್ದರೂ ಭಯ ಹೋಗಿಲ್ಲ. ನಮ್ಮ ಮನೆಗಳಲ್ಲಿ ಈಗ ಹುಡುಗರು, ಹುಡುಗಿಯರು ಬ್ಯಾರಿ ಭಾಷೆಯಲ್ಲಿ, ಕುಂದಾಪ್ರ ಕನ್ನಡದಲ್ಲಿ ಸಣ್ಣ ಸಣ್ಣ ಹಾಸ್ಯದ ರೀಲ್ಸ್ ಮಾಡುತ್ತಾರೆ. ಅತ್ತೆ ಸೊಸೆಯ ಜಗಳ, ಗಲ್ಫಿನಿಂದ ಬಂದ ಅಳಿಯ, ಬಸ್ಸಿನ ಕಂಡಕ್ಟರು. ಅದರಲ್ಲಿ ಎಲ್ಲಿಯಾದರೂ ಒಂದು ಪಕ್ಷದ ಹೆಸರು, ಒಬ್ಬ ನಾಯಕನ ಹೆಸರು ಬಂದರೆ ಉಮ್ಮ ಹೇಳುವ ಮೊದಲ ಮಾತು ‘ಅದನ್ನು ತೆಗಿ ಮಗನೇ’. ಉಮ್ಮನ ಮಾತಲ್ಲಿ ಹೇಡಿತನ ಇಲ್ಲ, ಲೆಕ್ಕಾಚಾರ ಇದೆ. ಸುಪ್ರೀಂ ಕೋರ್ಟಿನವರೆಗೆ ಹೋಗುವ ದುಡ್ಡು ಎಲ್ಲಿದೆ? ಕೇಸು ಬಿದ್ದರೆ ಪಾಸ್‌ಪೋರ್ಟಿನ ಕತೆ ಏನು? ನಾಳೆ ತಂಗಿಯ ಮದುವೆಗೆ ಗಂಡು ನೋಡುವಾಗ ‘ವಿವಾದಿತ’ ಎಂಬ ಶಬ್ದ ಬಂದರೆ? ಫಾರೂಕಿಗೆ ಬಿಗ್ ಬಾಸ್ ಸಿಕ್ಕಿತು. ಹಳ್ಳಿಯ ಹುಡುಗನಿಗೆ ಆ ನಾಲ್ಕಕ್ಷರ ಜೀವಮಾನಕ್ಕೆ ಉಳಿಯುತ್ತದೆ. ಸರಕಾರದ ಯಾವ ಆದೇಶವೂ ಇಲ್ಲದೆ ಒಂದು ಜೋಕು ಮನೆಯೊಳಗೇ ಸಾಯುವುದು ಹೀಗೆ.

ಹಾಗಾಗಿ ನಮ್ಮ ಬೇಡಿಕೆ ದೊಡ್ಡದಲ್ಲ. ಪತ್ರಿಕೆಯವರಲ್ಲಿ, ಅದರಲ್ಲೂ ಕನ್ನಡ ಪತ್ರಿಕೆಯವರಲ್ಲಿ ಮೂರು ಮಾತು ಕೇಳುತ್ತೇವೆ. ಹಾಸ್ಯಗಾರನ ಮೇಲೆ ದೂರು ಬಂದರೆ ಅವನು ಹೇಳಿದ್ದೇನು ಎಂದು ಕೇಳಿ ಬರೆಯಿರಿ. ಹೇಳಿದ್ದಕ್ಕೆ ಆಧಾರ ಇಲ್ಲದಿದ್ದರೆ ಅದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಿರಿ. ದೂರು ಕೊಟ್ಟವರು ಕಾರ್ಯಕ್ರಮ ನೋಡಿದ್ದಾರಾ ಎಂದು ಕೇಳಿ. ಕೋರ್ಟು ಬಿಟ್ಟ ಮೇಲೆ ವಿಶೇಷಣವನ್ನೂ ಬಿಡಿ. ಸಾಧ್ಯವಾದರೆ ಯಕ್ಷಗಾನದ ಪುಟದ ಒಂದು ಮೂಲೆಯಲ್ಲಿ ಈ ಹೊಸ ಹಾಸ್ಯಗಾರರ ಕಾರ್ಯಕ್ರಮದ ವಿಮರ್ಶೆಯೂ ಬರಲಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದೇ ಬರೆಯಲಿ. ಜೋಕು ಸಪ್ಪೆ ಎಂದು ಬರೆದರೆ ಹಾಸ್ಯಗಾರನಿಗೆ ನೋವಾಗಬಹುದು, ಜೈಲಂತೂ ಆಗುವುದಿಲ್ಲ.

ನಮ್ಮವರಲ್ಲೂ ಒಂದು ಮಾತು. ವಾಟ್ಸ್‌ಆ್ಯಪ್‌ಗೆ ಇಪ್ಪತ್ತು ಸೆಕೆಂಡಿನ ತುಣುಕು ಬಂದಾಗ, ಅದು ನಮ್ಮ ಪರವಾಗಿರಲಿ, ವಿರುದ್ಧವಾಗಿರಲಿ, ಮುಂದಕ್ಕೆ ಕಳಿಸುವ ಮೊದಲು ಪೂರ್ತಿ ವಿಡಿಯೊ ಹುಡುಕಿ ನೋಡೋಣ. ಪೂರ್ತಿ ಕೇಳಿ ಸಿಟ್ಟು ಬಂದರೆ ಆ ಸಿಟ್ಟಿಗೆ ಒಂದು ಅರ್ಥ ಇರುತ್ತದೆ. ಪೂರ್ತಿ ಕೇಳಿ ನಗು ಬಂದರೆ, ನಕ್ಕು ಬಿಡೋಣ.